ಮೊದಲ ಉಡಿ ತುಂಬುವ ಕೈ

ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಇನ್ನೂ ಹನ್ನೊಂದು ದಿನವಿತ್ತು. ಅಡುಗೆಮನೆಯಲ್ಲಿ ಕುಳಿತು ಉಡಿಗೆಂದು ತಂದ ಉತ್ತತ್ತಿ ಆರಿಸುತ್ತಿದ್ದೆ. ಹುಳುಕು ಒಂದು ಕಡೆ, ಒಳ್ಳೆಯವು ಒಂದು ಕಡೆ. ಏಳು ತಿಂಗಳ ಬಸುರಿ ಮಗಳು ಮುಂಡರಗಿಯ ಗಂಡನ ಮನೆಯಿಂದ ಹಿಂದಿನ ದಿನವಷ್ಟೇ ಬೆಟಗೇರಿಗೆ ಬಂದಿದ್ದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳಿದಳು:

"ಅವ್ವಾ, ಮೊದಲ ಉಡಿ ಅತ್ತಿ ತುಂಬಲಿ."

"ನಿಮ್ಮತ್ತಿ ಬಂದ ಬರ್ತಾರಲ್ಲವಾ ಮುಂಡರಗಿಯಿಂದ."

"ಅವರಲ್ಲವಾ. ನಮ್ಮ ಅತ್ತಿ. ಹೊರಗ ಮಗ್ಗದಾಗ ಕುಂತಾಳಲ್ಲ, ಆಕಿ."

ಯಾರೆಂದು ನನಗೆ ಮೊದಲೇ ಗೊತ್ತಾಗಿತ್ತು. ಉತ್ತರ ಹುಡುಕಲು ಒಂದು ಗಳಿಗೆ ಬೇಕಿತ್ತು, ಅದಕ್ಕೇ ಹಾಗೆ ಅಂದೆ.

ಅವಳು ನನ್ನ ಯಜಮಾನರ ತಂಗಿ, ನನ್ನ ನಾದಿನಿ. ಶಿರಹಟ್ಟಿಗೆ ಕೊಟ್ಟಿದ್ದರು. ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡ. ತವರಿಗೆ ಮರಳಿದವಳು ಪಡಸಾಲೆಯ ಕುಣಿಮಗ್ಗದಲ್ಲಿ ಕುಳಿತಳು, ಈಗಲೂ ಅಲ್ಲೇ ಕೂಡುತ್ತಾಳೆ. ನನ್ನ ಮಗಳು ಹುಟ್ಟಿದಾಗ ಮಗ್ಗದ ಪಕ್ಕದ ತೊಲೆಗೇ ತೊಟ್ಟಿಲು ಕಟ್ಟಿದರು. ಮಗ್ಗದ ಸದ್ದಿಗೆ ಕೂಸು ಚೆನ್ನಾಗಿ ಮಲಗುತ್ತದೆ ಎಂದರು. ನಿಜವಾಗಿಯೂ ಮಲಗುತ್ತಿತ್ತು. ನಾನು ಎತ್ತಿಕೊಂಡರೆ ಅಳುತ್ತಿತ್ತು. ನಡೆಯಲು ಕಲಿತು ಅಂಗಳದಲ್ಲಿ ಬಿದ್ದಾಗ ಜಗತ್ತಿನ ಮಕ್ಕಳೆಲ್ಲ "ಅವ್ವಾ" ಎಂದು ಅತ್ತರೆ ನನ್ನದು "ಅತ್ತೀ" ಎಂದು ಅಳುತ್ತಿತ್ತು. ನಾನು ಹಿಟ್ಟಿನ ಕೈಯಲ್ಲೇ ಓಡಿಬರುವಷ್ಟರಲ್ಲಿ ನಾದಿನಿ ಮಗ್ಗದ ಕುಣಿಯಿಂದ ಎದ್ದು ಅದನ್ನು ಎತ್ತಿಕೊಂಡಾಗಿರುತ್ತಿತ್ತು. ಇಂಥವನ್ನೆಲ್ಲ ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಕೂಸಿನ ಮೇಲೆ ಹೊಟ್ಟೆಕಿಚ್ಚೋ, ವಿಧವೆಯ ಮೇಲೋ ಎಂದು ಕೇಳುತ್ತಾರೆ.

ಬಸುರಿಯ ಸೆರಗಿಗೆ ಅಕ್ಕಿ ಹಾಕಿ ಉಡಿ ತುಂಬುವುದು ಮುತ್ತೈದೆಯರ ಕೆಲಸ. ಇದು ನಮ್ಮಲ್ಲಿ ಯಾರೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರಿಗೂ ಗೊತ್ತು. ಆ ದಿನ ಅದು ನನ್ನ ಕೈಗೆ ಎಷ್ಟು ಚೆನ್ನಾಗಿ ಒದಗಿತು!

ಮರುದಿನ ಮುಂಜಾನೆ ನಾಷ್ಟಾದ ಹೊತ್ತಿಗೆ ಯಜಮಾನರ ಮುಂದೆ ಮಾತು ಬಂತು. ಅವರು ಮಂಡಕ್ಕಿ ಒಗ್ಗರಣೆಯಲ್ಲಿ ಶೇಂಗಾ ಹುಡುಕುತ್ತ, "ಆಕಿ ಆಶಾ ಐತಿ, ಆಗ್ಲಿ ಬಿಡು. ಈಗ ಯಾರ ಏನ ಅಂತಾರ?" ಎಂದರು.

"ಒಂದ ಉಡಿಗೆ ಯಾರೂ ಏನೂ ಅನ್ನೂದಿಲ್ಲರಿ," ಎಂದೆ. ನನ್ನ ದನಿ ಏರುವುದಿಲ್ಲ; ಕಾನ್ವೆಂಟಿನಲ್ಲಿ ಹಾಗೆ ಕಲಿಸಿದ್ದರು. "ಆದ್ರ ಇವತ್ತ ಉಡಿ ಅಂದ್ರಿ. ನಾಳಿ ಹೆಸರಿಡೂ ದಿನ ಕೂಸಿನ್ನ ತೊಟ್ಟಲದಾಗ ಹಾಕೋದು ಅತ್ತೀನ ಅಂತಾಳ. ಆಮ್ಯಾಲೆ ನಮ್ಮ ಮಗನ ಲಗ್ನದಾಗ ಅರಿಷಿಣ ಹಚ್ಚೂದೂ ಅತ್ತೀನ. ಆವಾಗ ಬೀಗರು ಕೇಳ್ತಾರ, ಈ ಮನ್ಯಾಗ ರೀತಿ ರಿವಾಜ ಏನೂ ಇಲ್ಲೇನು ಅಂತ. ಆಮ್ಯಾಲೆ ಈ ಮನಿಗೆ ಹೆಣ್ಣ ಯಾರ ಕೊಡ್ತಾರ?"

ಯಜಮಾನರ ಕೈ ತಟ್ಟೆಯಲ್ಲೇ ನಿಂತಿತು. "ಅದೂ ಖರೆ ಐತಿ," ಎಂದರು.

ಶಾಲೆಯಲ್ಲಿ ಚರ್ಚಾಸ್ಪರ್ಧೆಗಳಿಗೆ ನಮ್ಮನ್ನು ತಯಾರು ಮಾಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಇದರಿಂದ ಅದಾಗುತ್ತದೆ, ಅದರಿಂದ ಮತ್ತೊಂದಾಗುತ್ತದೆ ಎಂದು ನಾನು ಸರಸರನೆ ಹೇಳಿ ಮುಗಿಸಿದರೆ, "ಹೇಗೆ ಆಗುತ್ತದೆ? ಅದನ್ನು ಹೇಳದೆ ಹಾರಿಬಿಟ್ಟೆಯಲ್ಲ," ಎನ್ನುತ್ತಿದ್ದರು. ಮೊದಲ ಮಾತು ತಪ್ಪೆಂದು ತೋರಿಸಲಾಗದವರೇ ಹತ್ತನೆಯ ಮಾತಿನ ಭಯ ಹುಟ್ಟಿಸುತ್ತಾರಂತೆ. ನನಗೆ ಅದು ಚೆನ್ನಾಗಿ ನೆನಪಿತ್ತು. ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಆ ಉಡಿಯಲ್ಲಿ ಏನು ಕೆಟ್ಟದ್ದಿದೆ ಎಂದು ನಾನು ಒಂದು ಮಾತೂ ಹೇಳಿರಲಿಲ್ಲ.

ಪಡಸಾಲೆಯಲ್ಲಿ ಮಗ್ಗ ನಿಂತಿತು. ಅದು ನಿಂತಾಗಲೇ ನಮಗೆ ಅದರ ಸದ್ದು ಇತ್ತೆಂದು ನೆನಪಾಗುವುದು. ನಾದಿನಿ ಒಳಗೆ ಬಂದು ತಂಬಿಗೆಯಿಂದ ನೀರು ಬಗ್ಗಿಸಿಕೊಂಡು ಕುಡಿದಳು. ಕುಡಿದ ಲೋಟ ತೊಳೆದಿಟ್ಟಳು.

"ವೈನಿ ಅನ್ನೂದು ಬರೋಬ್ಬರಿ ಐತೆಣ್ಣಾ. ಅವತ್ತ ನಾ ಶಿರಹಟ್ಟಿಗೆ ಹೋಗಿರ್ತೀನಿ. ನಾ ಮನ್ಯಾಗಿದ್ರ ಈ ಹುಡುಗಿ ಹಟಾ ಮಾಡ್ತೈತಿ."

ಗೆದ್ದೆ ಎನಿಸಿತು. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು. ಆ ದಿನ ಸಾರಿಗೆ ಉಪ್ಪು ಹದವಾಗಿ ಬಿದ್ದಿತ್ತು.

ಮಧ್ಯಾಹ್ನ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳು ಮುಂಜಾನೆಯಿಂದ ಮಾತು ಬಿಟ್ಟಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು:

"ಅತ್ತಿ ಉಡಿ ತುಂಬಿದ್ಲು ಅಂತ ತಿಳಿಯವಾ. ಮುಂದ?"

"ಮುಂದ ಏನು? ತೊಟ್ಟಲದಾಗ ಹಾಕಾಕ ಬರ್ತಾಳ."

"ಹಾಕಿದ್ಲು. ಮುಂದ?"

"ಮಂದಿ ಮಾತಾಡ್ತಾರ."

"ಮಾತಾಡಿದ್ರು. ಬಿಸಿಲಾಗ ಮನಿಗೆ ಹೋದ್ರು. ಮುಂದ?"

"ನಿನ್ನ ತಮ್ಮನ ಲಗ್ನ..."

"ಅವಗ ಇನ್ನಾ ಗಡ್ಡಾ ಬಂದಿಲ್ಲಬೇ! ಅದನ್ನ ಬಿಡು. ನನ್ನ ಕೂಸಿನ ಸುದ್ದಿ ಹೇಳು. ಅತ್ತಿ ಅದನ್ನ ತೊಟ್ಟಲದಾಗ ಹಾಕಿದ್ಲು. ಮುಂದ?"

"ಮುಂದ ಅದು ಆಕಿ ಮಗ್ಗದ ಮುಂದ ಮಲಗತೈತಿ."

"ಮಲಗಲಿ. ಮುಂದ?"

"ಮುಂದ ಬಿದ್ರ ಆಕೀನ್ನ ಕರೀತೈತಿ! ಅತ್ತೀ ಅಂತ ಅಳತೈತಿ. ನಾ ಹಿಟ್ಟಿನ ಕೈಯಾಗ ಬಾಗಲದಾಗ ನಿಂತಿರ್ತೀನಿ."

ನನ್ನ ದನಿ ಏರಿತ್ತು. ಕೈಯಲ್ಲಿದ್ದ ಎಣ್ಣೆ ಅವಳ ಕಿವಿಯ ಹಿಂದೆ ಇಳಿದು ಕುಪ್ಪಸಕ್ಕೆ ತಾಗಿತು. ಅವಳು ತಿರುಗಿ ನೋಡಲಿಲ್ಲ. ನೋಡದಿದ್ದುದೇ ಒಳ್ಳೆಯದಾಯಿತು. ಮೆಲ್ಲಗೆ ಅಂದಳು:

"ಇಷ್ಟ ಹೇಳಿದ್ರ ಆಗತಿತ್ತಲ್ಲವಾ. ಪಾಪ, ಆಕಿ ಬರಿ ಹಣಿ ಯಾಕ ನಡುವ ತಂದಿ?"

ಹೆರಳು ಹಾಕಿ ಮುಗಿಸಿದೆ. ಒಂದು ಎಳೆ ಸಡಿಲವಾಗಿತ್ತು, ಬಿಚ್ಚಿ ಮತ್ತೆ ಹಾಕಿದೆ.

ಸಂಜೆ ನಾದಿನಿ ಮಗ್ಗದಲ್ಲಿದ್ದಳು. ಕುಬಸದ ಹಸಿರು ಸೀರೆ ಮೊಳದಷ್ಟು ಉಳಿದಿತ್ತು. ಅದನ್ನು ಅವಳೇ ನೇಯುತ್ತಿದ್ದಳು, ಅದಕ್ಕೆ ನಾನೂ ಅಡ್ಡಿ ಹೇಳಿರಲಿಲ್ಲ. ಅವಳು ನೇಯ್ದ ಸೀರೆ ಉಟ್ಟರೆ ಆಗುತ್ತದೆ, ಅದೇ ಕೈಯಿಂದ ಆ ಸೀರೆಯ ಸೆರಗಿಗೆ ಒಂದು ಹಿಡಿ ಅಕ್ಕಿ ಬಿದ್ದರೆ ಆಗುವುದಿಲ್ಲ! ಇದು ಅದುವರೆಗೆ ನನಗೆ ಹೊಳೆದಿರಲಿಲ್ಲವೋ, ಹೊಳೆಯಗೊಟ್ಟಿರಲಿಲ್ಲವೋ.

"ಶಿರಹಟ್ಟಿಗೆ ಹೋಗಬ್ಯಾಡ," ಎಂದೆ. "ಮೊದಲ ಉಡಿ ನೀನ ತುಂಬು."

ಅವಳ ಕೈ ಲಾಳಿಯ ಹಗ್ಗದ ಮೇಲೇ ಇತ್ತು. "ಬ್ಯಾಡ ಬಿಡ್ರಿ ವೈನಿ. ಇವತ್ತ ಬಾ ಅಂತೀರಿ. ಅವತ್ತ ನಾಕ ಮಂದಿ ಮುಂದ ನಿಮ್ಮ ಮಾರಿ ಸಣ್ಣದಾತಂದ್ರ? ಹಿಡಿ ಅಕ್ಕಿ ಹಿಡ್ಕೊಂಡು ನಾ ಎಲ್ಲಿ ಹೋಗ್ಲಿ?"

"ಮಂದಿದಲ್ಲ. ಮಂದಿ ಮಾತು ನಾ ಸುಮ್ಮನ ಹೇಳಿದ್ದು. ನನಗ ನಿನ್ನ ಕಂಡ್ರ ಹೊಟ್ಟಿ ಉರೀತೈತಿ."

ಹೇಳಿಬಿಟ್ಟಿದ್ದೆ. ಅವಳು ನಕ್ಕಳು. ಕೆಟ್ಟ ನಗೆಯಲ್ಲ.

"ಇಪ್ಪತ್ತಾರು ವರ್ಷ ಆತು, ನನಗ ಗೊತ್ತಿಲ್ಲೇನ್ರಿ? ನಾ ಎತ್ತಿಕೊಂಡಾಗೆಲ್ಲಾ ಕೂಸಿಗೆ ಹಸಿವಿ ಆಗೇತಿ ಅಂತ ಕಸ್ಕೊಂಡು ಹೋಗತಿದ್ರಿ. ಹೊಟ್ಟಿ ತುಂಬಿದ ಕೂಸಿಗೆ ಎಷ್ಟ ಹಾಲು ಕುಡಸ್ತೀರಿ!"

ನನಗೂ ನಗು ಬಂತು, ಪೂರ್ತಿ ಬರಲಿಲ್ಲ.

ಕುಬಸದ ದಿನ ಪಡಸಾಲೆ ತುಂಬಿತ್ತು. ಮುಂಡರಗಿಯ ಬೀಗಿತ್ತಿ ತಮ್ಮ ಸೊಸೆಯ ಬಳೆ ಸರಿಮಾಡುತ್ತಿದ್ದರು. ಮಗಳು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು. ನಾದಿನಿ ಮುಂದೆ ಬಂದಳು. ಲಕ್ಷ್ಮೇಶ್ವರದಿಂದ ಬಂದಿದ್ದ ನಮ್ಮ ಸಣ್ಣತ್ತೆ ಪಕ್ಕದವರ ಕಿವಿಗೆ ಬಾಯಿ ಹಚ್ಚಿದರು. ನಾದಿನಿಗೆ ಅದು ಕಂಡಿತು. ಅಕ್ಕಿ ಹಿಡಿದ ಮುಷ್ಟಿ ಸೆರಗಿನ ಮೇಲೆ ನಿಂತುಬಿಟ್ಟಿತು, ಅವಳು ನನ್ನ ಮುಖ ನೋಡಿದಳು.

ಎಲ್ಲರೂ ನನ್ನನ್ನೇ ನೋಡಿದರು. ಹಿಂದಿನ ಸಾಲಿಗೆ ಕೇಳುವಂತೆ ಹೇಳಿದೆ:

"ಹಾಕು. ಆಕಿ ಕೈ ಹಿಡಿದು ನಡೆಯಾಕ ಕಲಿಸಿದಾಕಿ ನೀನ. ಐದೂ ಹಿಡಿ ನಿನ್ನ ಕೈಲೇನ ಹಾಕು."

ಸಣ್ಣತ್ತೆ ಬಾಯಿ ಮುಚ್ಚಿಕೊಂಡರು. ನಾದಿನಿ ಹಾಕಿದಳು: ಒಂದು, ಎರಡು, ಮೂರು, ನಾಲ್ಕು, ಐದು. ಮಗಳು ಕಣ್ಣು ಮುಚ್ಚಿದ್ದಳು. ಎರಡನೆಯವಳಾಗಿ ನಾನು ಹೋದೆ. ನನ್ನ ಮೊದಲ ಹಿಡಿಗೂ ಮಗಳು ಕಣ್ಣು ಮುಚ್ಚುತ್ತಾಳೋ ಇಲ್ಲವೋ ಎಂದು ನೋಡುತ್ತಲೇ ಅಕ್ಕಿ ಹಾಕಿದೆ, ನಾಲ್ಕು ಕಾಳು ನೆಲಕ್ಕೆ ಚೆಲ್ಲಿದವು. ಅವಳು ಕಣ್ಣು ತೆರೆದಿದ್ದಳು, ನನ್ನನ್ನೇ ನೋಡುತ್ತಿದ್ದಳು.