ನಿಂಬೆರಸ ಹಿಂಡಿದ ಮೇಷ್ಟ್ರು

ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಆ ಮೇಷ್ಟ್ರು, ರೇಷ್ಮೆಯ ಬಣ್ಣ ಅಭ್ಯಾಸ ಮಾಡಲೆಂದು ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಬಾಡಿಗೆಗಿದ್ದರು. ಚಹಾ ಕೊಟ್ಟರೂ ಲೋಟವನ್ನು ಬೆಳಕಿಗೆ ಹಿಡಿದು, "ಪರೀಕ್ಷೆ ಮಾಡೋಣ್ರಿ" ಎನ್ನುತ್ತಿದ್ದರು.

ಒಂದು ದಿನ ಅಕ್ಕನನ್ನು ನೋಡಲು ಚಳ್ಳಕೆರೆಯಿಂದ ಗಂಡಿನವರು ಬಂದರು. ಅಕ್ಕ ತಾನೇ ನೇಯ್ದ ಸೀರೆ ಉಟ್ಟಿದ್ದಳು. ಗಂಡಿನ ತಾಯಿ ಸೆರಗು ಹಿಡಿದು, "ಬಣ್ಣ ಬಿಡ್ತೈತೇನೋ" ಎಂದರು. ಅವ್ವನ ಮುಖ ಸಪ್ಪಗಾಯಿತು.

ಮೇಷ್ಟ್ರು ಎದ್ದು ಬಂದು ಸೆರಗಿಗೆ ನಿಂಬೆರಸ ಹಿಂಡಿ, ಬಿಳಿ ಕರವಸ್ತ್ರದಿಂದ ಒರೆಸಿದರು. ಬಣ್ಣ ಬಿಡಲಿಲ್ಲ. ಅಷ್ಟಕ್ಕೇ ನಿಲ್ಲದೆ ಅದೇ ಕರವಸ್ತ್ರವನ್ನು ಗಂಡಿನ ಮೀಸೆಗೂ ಉಜ್ಜಿದರು. ಕರವಸ್ತ್ರ ಕಪ್ಪಾಯಿತು.

"ಇದು ಬಿಡ್ತೈತ್ರಿ" ಎಂದರು ಗಂಭೀರವಾಗಿ.

ಗಂಡಿನ ತಾಯಿ ದಡಬಡಿಸಿ ಎದ್ದು ನಿಂತರು. ಅರ್ಧ ನರೆತ ಮೀಸೆಯ ಗಂಡು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಬಂದ ಸಂಬಂಧಗಳನ್ನೆಲ್ಲ ಬೇಡವೆಂದಿದ್ದ ಅಕ್ಕ ತಲೆಯೆತ್ತಿ ಅವನನ್ನು ನೋಡಿ, "ಅವ್ವ, ಈತನೇ ಆಗ್ಲಿ" ಎಂದಳು.