ಅವ್ವನ ಹಗಲು

ಅವ್ವ ಸಂಜೆ ಮನೆಗೆ ಬಂದಾಗ ಅವಳ ಸೆರಗಿನಲ್ಲಿ ಬೇರೆಯವರ ಮಕ್ಕಳ ವಾಸನೆ ಇರುತ್ತಿತ್ತು. ಎಣ್ಣೆ ಹಚ್ಚಿ ಬೆವರಿದ ತಲೆ, ಒಣಗಿದ ಸಿಂಬಳ, ಬೆಲ್ಲ ಹಾಕಿ ಕಲಸಿದ ಹುರಿಹಿಟ್ಟು, ಯಾರದೋ ಒದ್ದೆ ಚಡ್ಡಿ. ಈಗಲೂ ಬಸ್ಸಿನಲ್ಲಿ ಪಕ್ಕದವರ ಮಗು ನನ್ನ ತೋಳಿಗೊರಗಿ ನಿದ್ದೆಹೋದರೆ ಆ ವಾಸನೆ ಮೂಗಿಗೆ ಬಡಿಯುತ್ತದೆ, ಅದರ ಹಿಂದೆಯೇ ಹೊಟ್ಟೆಯೊಳಗೆ ಹಳೆಯ ಉರಿಯೂ ಏಳುತ್ತದೆ. ನಿಮಗೂ ಕಳೆದುಹೋದ ಮನೆಯ ವಾಸನೆ ಒಂದಿರಬಹುದು, ನೆನೆದರೆ ಕಣ್ಣು ಒದ್ದೆಯಾಗುವಂಥದ್ದು. ನನಗೆ ಸಿಕ್ಕಿರುವುದು ಮಾತ್ರ ಹೊಟ್ಟೆಕಿಚ್ಚಿನ ವಾಸನೆ.

ಅಕ್ಕಿಹೆಬ್ಬಾಳಿನ ಆಚೆಗಿನ ನಮ್ಮೂರಿನಲ್ಲಿ ಅವ್ವ ಅಂಗನವಾಡಿ ಟೀಚರಾಗಿದ್ದಳು. ಹೆಂಚಿನ ಒಂದೇ ಕೋಣೆ, ಒಂದು ಕಿಟಕಿ, ಉದ್ದದ ಚಾಪೆ. ನಾನೂ ಅದೇ ಚಾಪೆಯ ಮೇಲೆ ಕೂರುತ್ತಿದ್ದೆ, ಆದರೆ ಮಗಳಾಗಿ ಅಲ್ಲ. ಮನೆಯ ಹೊಸ್ತಿಲು ದಾಟಿದ ಮೇಲೆ ಅವಳು ಎಲ್ಲರಿಗೂ ಮಿಸ್ಸು, ನನಗೂ ಮಿಸ್ಸು. ಉಪ್ಪಿಟ್ಟು ನನ್ನ ತಟ್ಟೆಗೆ ಬೀಳುವುದು ಎಲ್ಲರದ್ದೂ ಆದ ಮೇಲೆ. ಟೀಚರ ಮಗಳಿಗೆ ಮೊದಲು ಹಾಕಿದರು ಅಂತ ಯಾರೂ ಆಡಿಕೊಳ್ಳಬಾರದಂತೆ. ಬುಡೇನ್ ಸಾಬರ ಮೊಮ್ಮಗ, ಕಾಲೋನಿಯ ಅವಳಿ ಹುಡುಗಿಯರು, ಗೌಡರ ಮನೆಗಳಿಂದ ಬಂದ ನಾವು, ಎಲ್ಲರನ್ನೂ ಅವ್ವ ಬೆರೆಸಿ ಕೂರಿಸುತ್ತಿದ್ದಳು. ಯಾರನ್ನಾದರೂ ಸಹಿಸಿಕೊಳ್ಳಬಹುದಿತ್ತು, ಮರಗೆಲಸದ ಆಚಾರ್ರ ಮಗಳು ಕಾವೇರಿಯನ್ನು ಮಾತ್ರ ಆಗುತ್ತಿರಲಿಲ್ಲ. ತಾಯಿಯಿಲ್ಲದ ಮಗು ಅವಳು. ಮಧ್ಯಾಹ್ನ ಎಲ್ಲರನ್ನೂ ಮಲಗಿಸುವ ಹೊತ್ತಿಗೆ ತಪ್ಪದೆ ಅಳು ಶುರುಮಾಡುತ್ತಿದ್ದಳು, ಅವ್ವ ಎತ್ತಿ ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ಅವಳಂತೆ ನಾನೂ ಒಂದಿನ ಅತ್ತು ನೋಡಿದೆ. "ನೀನು ರಾತ್ರಿ ನನ್ ಪಕ್ಕದಲ್ಲೇ ಮಲಗ್ತೀಯಲ್ಲ, ಸುಮ್ಕಿರು" ಅಂದಳು. ತಾಯಿಯಿಲ್ಲದವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ನಿಜ. ನಾನು ಪಟ್ಟೆ, ಹೊಟ್ಟೆ ತುಂಬ ಪಟ್ಟೆ.

ಕೆ.ಆರ್.ಪೇಟೆಯ ಕಾನ್ವೆಂಟಿನ ಹಳದಿ ವ್ಯಾನು ಊರಿಗೆ ಬರತೊಡಗಿದ್ದು ಆಗಲೇ. ಕಬ್ಬು ತುಂಬಿಕೊಂಡು ಮಾಕವಳ್ಳಿ ಫ್ಯಾಕ್ಟರಿಗೆ ಹೋಗಿಬರುತ್ತಿದ್ದ ಅಪ್ಪ ದಾರಿಯಲ್ಲಿ ಆ ವ್ಯಾನು ಕಂಡಾಗಲೆಲ್ಲ ಆಸೆ ಬೆಳೆಸಿಕೊಂಡ. ಒಂದು ಸಂಜೆ ಪಡಸಾಲೆಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಾಗ ಮಾತು ತೆಗೆದೇಬಿಟ್ಟ.

"ಮಗೀನ ಕಾನ್ವೆಂಟಿಗೆ ಸೇರ್ಸವ ಕಣೆ. ಅಲ್ಲಿ ಒಳ್ಳೊಳ್ಳೆ ಮನೆ ಐಕ್ಳು ಬತ್ತವೆ."

"ಒಳ್ಳೇ ಮನೆ ಅಂದ್ರೆ? ನಮ್ಮಂಥೋರ ಮನೆ ಅಂತಾನಾ?" ಅವ್ವ ತಲೆಯೆತ್ತಲಿಲ್ಲ. "ನನ್ ಚಾಪೆ ಮೇಲೆ ಊರಿಗೂರೇ ಕೂತ್ಕತ್ತದೆ. ಒಬ್ಬರ ಎಂಜಲು ಇನ್ನೊಬ್ರು ತಿಂತವೆ. ಇದ್ನ ಇವ್ಳು ಇನ್ನೆಲ್ಲಿ ಕಲ್ತಾಳು?"

"ಅದೆಲ್ಲ ದೊಡ್ಡೋಳಾದ್ಮೇಲೆ ತಾನಾಗೇ ಬತ್ತದೆ ಬುಡು. ಇಂಗ್ಲೀಷು ಈಗ್ಲೇ ಬರ್ಬೇಕು."

"ಉಲ್ಟಾ ಯೋಳ್ತಾ ಇದ್ದೀರ. ಇಂಗ್ಲೀಷು ಯಾವಾಗ್ಲಾದ್ರೂ ಬತ್ತದೆ. ಟೀಚರ ಮಗ್ಳೇ ವ್ಯಾನ್ ಅತ್ತುದ್ರೆ ಮಿಕ್ಕೋರು ತಮ್ಮ ಐಕ್ಳ ನನ್ ತಾವ ಯಾಕೆ ಬುಟ್ಟಾರು?"

ವಾದ ಅವರೆಕಾಯಿಯ ಕಾಲವೆಲ್ಲ ನಡೆಯಿತು. ಇಬ್ಬರೂ ಸೋಲುವವರಲ್ಲ. ಕೊನೆಗೆ ಅಪ್ಪ ನನ್ನನ್ನು ಹತ್ತಿರ ಕರೆದು, "ನೀನೇ ಯೋಳು ಮಗಾ, ವ್ಯಾನಲ್ಲಿ ಓಯ್ತೀಯಾ?" ಎಂದು ಕೇಳಿದ. ನಾನು ಎರಡು ಮಾತಿಲ್ಲದೆ ಹೂಂ ಅಂದೆ. ವ್ಯಾನಿನ ಆಸೆಗಲ್ಲ. ಸ್ಕೂಲು ಎಂದರೆ ಅವ್ವ ಇರುವ ಜಾಗ ಎಂದೇ ನಾನು ತಿಳಿದಿದ್ದೆ. ನಾನು ಬೇರೆ ಸ್ಕೂಲಿಗೆ ಹೋದರೆ ಅವ್ವನೂ ಬರುತ್ತಾಳೆ, ಕಾವೇರಿ ಇಲ್ಲೇ ಉಳಿಯುತ್ತಾಳೆ ಎನ್ನುವುದು ನನ್ನ ಲೆಕ್ಕಾಚಾರ. ಅವ್ವ ಸಿಪ್ಪೆ ಬಾಚಿಕೊಂಡು ದನದ ಕೊಟ್ಟಿಗೆಗೆ ಹೋದಳು.

ಶುರುವಿನ ದಿನ ನಾನು ಕಿಟಕಿ ಪಕ್ಕ ಕೂತು, ಬದಿಯ ಜಾಗದಲ್ಲಿ ಬ್ಯಾಗು ಇಟ್ಟು, ಯಾರನ್ನೂ ಕೂರಗೊಡದೆ ಕಾದೆ. ವ್ಯಾನು ಹೊರಟೇಬಿಟ್ಟಿತು. ಅಂಗನವಾಡಿಯ ಮುಂದೆ ಹಾಯುವಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು, ಸೊಂಟದ ಮೇಲೆ ಕಾವೇರಿ. "ಅವ್ವ ವ್ಯಾನ್ ಅತ್ತಿಲ್ಲ! ಅವ್ವ ಅತ್ತಿಲ್ಲ!" ಎಂದು ಕಿರುಚಿದೆ. ಡ್ರೈವರು ತಿರುಗಿ ನಕ್ಕ. "ಅವ್ರ್ಯಾಕೆ ಬತ್ತರೆ ಮಗಾ? ಅವ್ರಿಗೆ ಐಕ್ಳಿಲ್ವಾ?"

ಅವ್ವ ಹೆದರಿದ್ದೇ ಆಯಿತು. ನನ್ನ ಹಿಂದೆಯೇ ಗೌಡರ ಮನೆಯ ಮಕ್ಕಳೆಲ್ಲ ಒಬ್ಬೊಬ್ಬರಾಗಿ ವ್ಯಾನು ಹತ್ತಿದರು. ಕಾಲೋನಿಯವರು, ಸಾಬರ ಮೊಮ್ಮಗ, ಕಾವೇರಿ ಅಲ್ಲೇ ಉಳಿದರು. ನನಗೆ ಇಂಗ್ಲೀಷು ಬಂತು. ಸಂಜೆ ಕಲಿತದ್ದನ್ನೆಲ್ಲ ಒಪ್ಪಿಸುತ್ತಿದ್ದೆ, ಅವಳು ನನ್ನ ಜಡೆ ಬಿಚ್ಚುತ್ತ ಕೇಳಿಸಿಕೊಳ್ಳುತ್ತಿದ್ದಳು. ತನ್ನ ಹಗಲು ಹೇಗೆ ಕಳೆಯಿತೆಂದು ಅವಳು ಹೇಳುತ್ತಿರಲಿಲ್ಲ, ನಾನು ಹಟಕ್ಕೆ ಕೇಳುತ್ತಿರಲಿಲ್ಲ.

ಅಪ್ಪ ಹೋದ. ಕಳೆದ ವರ್ಷ ಅವ್ವನೂ ಹೋದಳು. ಆ ಪಡಸಾಲೆ ಈಗಿಲ್ಲ. ದಾಯಾದಿಗಳು ಕೆಡವಿ ಟ್ರಾಕ್ಟರಿಗೆ ಶೀಟಿನ ಶೆಡ್ಡು ಹಾಕಿದ್ದಾರೆ. ಅವ್ವನ ತಿಥಿಯ ದಿನ ನಾಗಮಂಗಲದ ಕಡೆಗೆ ಮದುವೆಯಾಗಿ ಹೋಗಿದ್ದ ಕಾವೇರಿ ಬಂದಿದ್ದಳು. ನನಗಿಂತ ಜೋರಾಗಿ ಅತ್ತಳು, ಅದಕ್ಕೂ ನನಗೆ ಸಿಟ್ಟು ಬಂತು. ಊಟವಾದ ಮೇಲೆ ಪಕ್ಕಕ್ಕೆ ಬಂದು ಕೂತು ನನ್ನ ಕೈ ಹಿಡಿದುಕೊಂಡಳು.

"ನೀನು ವ್ಯಾನ್ ಅತ್ತಿದ್ಮೇಲೆ ಮಿಸ್ಸು ಮಧ್ಯಾನ ಮಲಗ್ಸೋವಾಗ ಕಿಟಕಿ ತಾವ್ಲೇ ಕೂತ್ಕಳರು ಕಣೆ. ತೊಡೆ ಮೇಲೆ ನನ್ನ ಆಕ್ಕಂಡು ರಸ್ತೇನೇ ನೋಡರು. ವ್ಯಾನ್ ಬರಾಕೆ ಇನ್ನೂ ಏಸೋ ಹೊತ್ತಿರದು. ಕಣ್ಣಲ್ಲಿ ನೀರು ತುಂಬ್ಕಂಡಿರದು. ನಾನು ಕೆಳಗಿಂದ ನೋಡ್ತಾ ನೋಡ್ತಾ ನಿದ್ದೆ ಓಗ್ಬುಡ್ತಿದ್ದೆ."

ನನಗೆ ಸಮಾಧಾನವಾಗಲಿ ಎಂದೇ ಅವಳು ಹೇಳಿದ್ದು. ಆಗಬೇಕಿತ್ತು. ಅವ್ವ ನನಗಾಗಿ ಕಾದಿದ್ದಳು. ಆದರೆ ಕಾಯುತ್ತಿದ್ದ ಅವಳ ಮುಖವನ್ನು ನಾನು ಒಂದು ದಿನವೂ ನೋಡಲಿಲ್ಲ. ಅದನ್ನೂ ನೋಡಿದವಳು ಕಾವೇರಿ.