ಗೌಡ, ಅಳಿಯ, ಸೊಸಿ ಮತ್ತು ಒಂದು ಗಾಲ್ಫ್ ಚೀಲ

“ಸರ, ನನಗ ಹದಿನಾಕು ಇಂಗ್ಲಿಷ್ ಶಬ್ದ ಬೇಕಾಗ್ಯಾವ್ರಿ. ಐತಾರದೊಳಗ.”

ಕಳೆದ ತಿಂಗಳು ಒಂದು ಬುಧವಾರ ಬೆಳಿಗ್ಗೆ ವಾಡಿಯಲ್ಲಿರುವ ನಮ್ಮ ಮನೆಗೆ ಚಂದಮ್ಮ ಬಂದು ಹೀಗೆ ಕೇಳಿದಾಗ ನನಗೆ ಒಳಗೊಳಗೇ ಭಾರಿ ಖುಷಿಯಾಯಿತು. ನಿವೃತ್ತ ಇಂಗ್ಲಿಷ್ ಮೇಷ್ಟ್ರ ಹತ್ತಿರ ಯಾರು ಬರುತ್ತಾರೆ ಹೇಳಿ? ಮದುವೆ ಕಾರ್ಡಿನ ಸ್ಪೆಲಿಂಗ್ ನೋಡಿಕೊಡಿ ಎನ್ನುವವರು, ಫಾರ್ಮ್ ತುಂಬಿಕೊಡಿ ಎನ್ನುವವರು. ಇಷ್ಟೇ ಶಬ್ದ ಬೇಕು, ಇಂಥ ದಿನದೊಳಗೆ ಬೇಕು ಎಂದು ಪಟ್ಟು ಹಿಡಿದು ಬಂದ ವಿದ್ಯಾರ್ಥಿ ನನ್ನ ಮೂವತ್ತು ವರ್ಷದ ಸರ್ವಿಸಿನಲ್ಲಿ ಒಬ್ಬನೂ ಇರಲಿಲ್ಲ.

“ಯಾವ ಶಬ್ದವ್ವ?” ಎಂದೆ.

“ಗಾಲ್ಫ್ ಕೋಲಿನ ಹೆಸರ್ರಿ.”

(ಹೌದು, ನಮ್ಮಲ್ಲೂ ಗಾಲ್ಫ್ ಇದೆ. ನಗಬೇಡಿ. ಒಂದು ಸಿಮೆಂಟ್ ಫ್ಯಾಕ್ಟರಿಯ ಕಾಲೊನಿ ಹಿಂದೆ, ರಾವೂರಿನ ಕಡೆಗೆ, ಆರು ಗುಂಡಿಯ ಮೈದಾನ. ಟಿವಿಯಲ್ಲಿ ಕಾಣುವ ಹಸಿರು ಗಿಸಿರು ಇಲ್ಲ. ಗುಂಡಿಯ ಸುತ್ತ ಎಣ್ಣೆ ಕಲಸಿದ ಮರಳು, ಅದಕ್ಕೆ ‘ಬ್ರೌನ್’ ಅಂತಲೇ ಹೆಸರು. ಉಳಿದ ಕಡೆಯೆಲ್ಲ ಕಲ್ಲಿನ ಚೂರು. ಬಿಳಿ ಚೆಂಡು ಯಾವುದು, ಬಿಳಿ ಕಲ್ಲು ಯಾವುದು ಎಂದು ಹುಡುಕುವುದರಲ್ಲೇ ಅರ್ಧ ಆಟ ಮುಗಿಯುತ್ತದೆ.)

ಚಂದಮ್ಮನ ತವರು ಭೀಮಾ ದಂಡೆಯ ಸನ್ನತಿ, ಕೊಟ್ಟದ್ದು ರಾವೂರಿಗೆ. ಗಂಡ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಾನೆ. ಮಗಳು ನನ್ನ ಕ್ಲಾಸಿನಲ್ಲೇ ಮ್ಯಾಟ್ರಿಕ್ ಪಾಸಾದವಳು. ಈಕೆ ಮೊದಲು ಫ್ಯಾಕ್ಟರಿಯಲ್ಲಿ ಖಾಲಿ ಚೀಲ ಝಾಡಿಸುವ ಕೆಲಸಕ್ಕಿದ್ದಳು. ಧೂಳಿಗೆ ಕೆಮ್ಮು ಹತ್ತಿತು. ಮೈದಾನದಲ್ಲಿ ಕಸ ತೆಗೆಯುವ ಕೆಲಸಕ್ಕೆ ಹಾಕಿದರು. ಒಂದು ದಿನ ಸಾಹೇಬರ ಗಾಲ್ಫ್ ಕೋಲುಗಳ ಚೀಲ ಹೊರುವವನು ಬರಲಿಲ್ಲ, ಈಕೆ ಹೊತ್ತಳು. ಹಾಗೆ ಹೊತ್ತದ್ದು ಹನ್ನೊಂದು ವರ್ಷವಾಯಿತು. ಗಾಲ್ಫ್ ಭಾಷೆಯಲ್ಲಿ ಇದಕ್ಕೆ ‘ಕ್ಯಾಡಿ’ ಎನ್ನುತ್ತಾರೆ.

ಈಗ ಕ್ಲಬ್ಬಿಗೆ ಹೊಸ ಸೆಕ್ರೆಟರಿ ಬಂದಿದ್ದಾರೆ. ಹುಬ್ಬಳ್ಳಿ ಕಡೆಯ ಯುವಕ, ಎಲ್ಲದಕ್ಕೂ ಪದ್ಧತಿ ಬೇಕು ಎನ್ನುವವರು. ಬಂದವರೇ ನೋಟಿಸ್ ಅಂಟಿಸಿದರು. ಭಾನುವಾರ ಕ್ಯಾಡಿಗಳಿಗೆ ಪರೀಕ್ಷೆ. ಚೀಲದ ಹದಿನಾಲ್ಕೂ ಕೋಲುಗಳ ಹೆಸರು ಇಂಗ್ಲಿಷಿನಲ್ಲಿ ಹೇಳಬೇಕು. ಪಾಸಾದವರಿಗೆ ಕಾರ್ಡು, ಯೂನಿಫಾರ್ಮು, ಕಾಯಂ ಕೆಲಸ. ಫೇಲಾದವರು ಮತ್ತೆ ಚೀಲ ಝಾಡಿಸುವ ಕಡೆಗೆ.

“ಅಲ್ಲಿ ಹೋದರ ನಾ ಉಳಿಯಂಗಿಲ್ರಿ ಸರ” ಎಂದಳು ಚಂದಮ್ಮ. ಅಳಲಿಲ್ಲ. ಆದರೆ ಅದನ್ನು ಕೇಳಿ ನನ್ನ ಮನೆಯಾಕೆ ಒಲೆ ಆರಿಸಿ ಹೊರಗೆ ಬಂದು ನಿಂತಳು.

“ಇಷ್ಟು ವರ್ಷ ಸಾಹೇಬರು ಕೇಳಿದ ಕೋಲು ಹ್ಯಾಂಗ ಕೊಡ್ತಿದ್ದಿ?” ಎಂದು ಕೇಳಿದೆ.

“ನಮ್ಮವೇ ಹೆಸರ ಅದಾವಲ್ರಿ!”

ಹೇಳತೊಡಗಿದಳು ನೋಡಿ, ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ದೊಡ್ಡ ತಲೆಯ ಉದ್ದ ಕೋಲಿನ ಹೆಸರು ‘ಗೌಡ’. ಯಾಕೆ? “ಮೊದಲ ಅವನೇ ಬರಬೇಕು, ದೊಡ್ಡ ಸಪ್ಪಳ ಮಾಡಬೇಕು. ಆಮ್ಯಾಲ ಚೆಂಡ ಎಲ್ಲಿ ಹೋಯ್ತಂತ ಮಂದಿ ಹುಡಕಬೇಕು.” ಮೂರನೇ ಕಬ್ಬಿಣದ ಕೋಲು ‘ಅಳಿಯ’. “ಯಾರ ಕೈಗೂ ಬಗ್ಗಂಗಿಲ್ರಿ. ಹಂಗಂತ ಚೀಲದಾಗಿಂದ ತಗದು ಹಾಕಲಿಕ್ಕೂ ಬರಂಗಿಲ್ಲ.” ಚೆಂಡನ್ನು ಗಿಡದ ಮೇಲಿಂದ ಎತ್ತಿ ದಾಟಿಸುವುದು ‘ಏಣಿ’. ಗರಿಕೆಯೊಳಗಿಂದ ಕೆದರಿ ತೆಗೆಯುವುದು ‘ಖುರ್ಪಿ’. ಮರಳಲ್ಲಿ ಸಿಕ್ಕಿಬಿದ್ದರೆ ‘ಸಲಿಕಿ’. ಯಾವ ಹೊತ್ತಿನಲ್ಲೂ ಮೋಸ ಮಾಡದ ನಡುವಿನ ಕೋಲು ‘ಶಾಣ್ಯಾ’, ಅಂದರೆ ಜಾಣ. ಕೊನೆಗೆ ಚೆಂಡನ್ನು ಮೆಲ್ಲಗೆ ಗುಂಡಿಗೆ ನೂಕುವ ಚಿಕ್ಕ ಕೋಲು ‘ಸೊಸಿ’.

“ಸೊಸಿ ಯಾಕವ್ವ?” ಎಂದು ಕೇಳಿದ್ದು ನನ್ನ ಮನೆಯಾಕೆ.

“ಎಲ್ಲಾರೂ ಹೊಡದಾಡಿ ಹೋದ ಮ್ಯಾಲ ಕಡೀಕ ಸಪ್ಪಳ ಇಲ್ಲದ ಮನಿ ಮುಟ್ಟಸಾಕಿ ಅಕೀನೇ ಅಲ್ಲೇನ್ರಿ ಅಕ್ಕೋರ?”

ಮನೆಯಾಕೆ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಈ ಅಂಕಣವನ್ನು ಆಕೆಯೂ ಓದುತ್ತಾಳೆ.

ನಮ್ಮ ಭಾಗದವರಿಗೆ ಅಡ್ಡಹೆಸರಿಡದಿದ್ದರೆ ಊಟ ಮೈಗೆ ಹತ್ತುವುದಿಲ್ಲ. ಶಹಾಬಾದಿನಲ್ಲಿ ನನ್ನ ಭಾವಮೈದುನನ ಓಣಿಯಲ್ಲಿ ನಿಜ ಹೆಸರು ಹಿಡಿದು ಕೇಳಿದರೆ ಯಾರ ಮನೆಯೂ ಸಿಗುವುದಿಲ್ಲ. ಚಿಂಚೋಳಿಯಲ್ಲಿ ಕೆಲಸ ಮಾಡುವಾಗ ಹುಡುಗರು ನನ್ನನ್ನು ‘ಫುಲ್‌ಸ್ಟಾಪ್’ ಎನ್ನುತ್ತಿದ್ದರು. ವರ್ಗವಾಗಿ ಚಿತ್ತಾಪುರಕ್ಕೆ ಬಂದರೆ ಆ ಹೆಸರು ನನಗಿಂತ ಮೊದಲೇ ಬಂದು ಕೂತಿತ್ತು! ಹಾಗಾಗಿ ಚಂದಮ್ಮನ ಪಟ್ಟಿ ಕೇಳಿ ನಕ್ಕೆ. ನಕ್ಕು, ಪಕ್ಕಕ್ಕಿಟ್ಟೆ. ಪರೀಕ್ಷೆ ಇಂಗ್ಲಿಷಿನದಲ್ಲವೇ?

“ಸರ, ಕೋಲಿನ ತಳದಾಗ ನಂಬರ ಕೆತ್ತ್ಯಾರ್ರಿ. ಅದೇ ಹೆಸರಾಗ್ತದೇನ್ರಿ?” ಎಂದು ಆಕೆ ಕೇಳಿದಳು.

“ಛೆ! ಅದು ಫ್ಯಾಕ್ಟರಿ ನಂಬರು. ನಂಬರ್ ಹ್ಯಾಂಗ ಹೆಸರಾದೀತು?” ಎಂದೆ. ಎಷ್ಟು ಗತ್ತಿನಿಂದ ಅಂತೀರಿ! ಗಾಲ್ಫ್ ಕೋಲನ್ನು ನಾನು ಜೀವಮಾನದಲ್ಲಿ ಮುಟ್ಟಿರಲಿಲ್ಲ.

ಮೊಬೈಲ್ ತೆಗೆದು ಹುಡುಕಿದೆ. ಸಿಕ್ಕೇ ಬಿಟ್ಟಿತು, ಸೊಗಸಾದ ಒಂದು ಪುಟ. ಬ್ರಾಸಿ, ಸ್ಪೂನ್, ಕ್ಲೀಕ್, ಮ್ಯಾಶಿ, ಮ್ಯಾಶಿ ನಿಬ್ಲಿಕ್, ನಿಬ್ಲಿಕ್. ಬಾಯಲ್ಲಿ ಹಾಕಿಕೊಂಡರೆ ಕರಗುವಂಥ ಹೆಸರುಗಳು. ಇವು ಸ್ಕಾಟ್ಲೆಂಡಿನ ಹಳೆಯ ಕಾಲದ ಹೆಸರುಗಳು ಎಂದು ಮೇಲೆಯೇ ಬರೆದಿತ್ತು. ಓದಿದೆ. ಆದರೆ ನಮ್ಮ ಕಾಲದ ಇಂಗ್ಲಿಷ್ ಮೇಷ್ಟ್ರುಗಳಿಗೆ ಒಂದು ರೋಗವಿದೆ. ಇಂಗ್ಲಿಷ್ ಹಳೆಯದಾದಷ್ಟೂ ಶುದ್ಧ ಎಂದು ನಂಬಿದವರು ನಾವು. ಇಂದಿಗೂ ರಜೆ ಅರ್ಜಿಯ ಕೆಳಗೆ ‘ನಿಮ್ಮ ಅತ್ಯಂತ ವಿಧೇಯ ಸೇವಕ’ ಎಂದು ಇಂಗ್ಲಿಷಿನಲ್ಲಿ ಬರೆಸುವ ಜನ. ಹಳೆಯ ಹೆಸರು ಸಿಕ್ಕಿತು ಎಂದರೆ ಅಸಲಿ ಹೆಸರು ಸಿಕ್ಕಿತು ಅಂತಲೇ ಅರ್ಥ!

ನಾಲ್ಕು ದಿನ ಪಾಠ ನಡೆಯಿತು. ಚಂದಮ್ಮ ಹನ್ನೊಂದಕ್ಕೆ ಕೆಲಸ ಮುಗಿಸಿ ನೇರ ನಮ್ಮ ಮನೆಗೇ ಬರುತ್ತಿದ್ದಳು. ಆಕೆ ಕಲಿತ ರೀತಿ ನೋಡಿ ನನಗೆ ಬೆರಗಾಯಿತು. ಏಣಿ ನಿಬ್ಲಿಕ್ ಆಯಿತು, ಶಾಣ್ಯಾ ಮ್ಯಾಶಿ ನಿಬ್ಲಿಕ್ ಆಯಿತು. ‘ಸ್ಪೂನ್’ ಬಂದಾಗ ಮಾತ್ರ ತಡೆದಳು.

“ಸ್ಪೂನ್ ಅಂದರ ಚಮಚಾ ಅಲ್ಲೇನ್ರಿ? ದೊರಿಗೋಳೂ ಅಡಗಿಮನಿ ಸಾಮಾನಿನ ಹೆಸರೇ ಇಟ್ಟಾರೇನ್ರಿ?”

“ಇಟ್ಟಾರ ನೋಡು.”

“ಹಂಗಾರ ನನ್ನ ಹೆಸರ ಯಾಕ ನಡೆಯಂಗಿಲ್ಲ?”

ಒಳ್ಳೆಯ ಪ್ರಶ್ನೆ. ನಾನೇನು ಮಾಡಿದೆ? ಮೂವತ್ತು ವರ್ಷ ಒಳ್ಳೆಯ ಪ್ರಶ್ನೆಗಳಿಗೆ ಮಾಡಿದ್ದನ್ನೇ ಮಾಡಿದೆ. “ಅದು ಸಿಲೆಬಸ್‌ನ್ಯಾಗ ಇಲ್ಲ” ಎಂದೆ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ನಾನೂ ಮೈದಾನಕ್ಕೆ ಹೋದೆ. ಶಿಷ್ಯೆಯ ವಿಜಯ ನೋಡುವುದು ಬೇಡವೇ? ಬೇವಿನ ಗಿಡದ ಕೆಳಗೆ ಟೇಬಲ್ಲು, ಟೇಬಲ್ಲಿನ ಹಿಂದೆ ಸೆಕ್ರೆಟರಿ. ಪಕ್ಕದಲ್ಲಿ ಪಾಟೀಲ ಸಾಹೇಬರು. ಸೇಡಂ ಕಡೆಯವರು, ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು, ಕ್ಲಬ್ಬಿನ ಎಲ್ಲರಿಗಿಂತ ಹಿರಿಯ ಆಟಗಾರರು. ಎದುರಿಗೆ ಏಳೆಂಟು ಮಂದಿ ಕ್ಯಾಡಿಗಳು, ಸುತ್ತ ನೋಡಲು ಬಂದ ಹತ್ತು ಮಂದಿ.

ಚಂದಮ್ಮನ ಸರದಿ ಬಂತು. ಸೆಕ್ರೆಟರಿ ಒಂದು ಕೋಲು ಎತ್ತಿ ಹಿಡಿದರು.

“ನಿಬ್ಲಿಕ್” ಎಂದಳು ಚಂದಮ್ಮ, ಗಂಟೆ ಹೊಡೆದ ಹಾಗೆ.

“ಏನು?”

“ನಿಬ್ಲಿಕ್ ರಿ.”

ಸೆಕ್ರೆಟರಿ ಕಾಗದದ ಮೇಲೆ ತಪ್ಪು ಗುರುತು ಹಾಕಿದರು. ಇನ್ನೊಂದು ಎತ್ತಿದರು. “ಮ್ಯಾಶಿ.” ಮತ್ತೆ ತಪ್ಪು. ಮತ್ತೊಂದು. “ಸ್ಪೂನ್.” ಹಿಂದೆ ನಿಂತ ಕ್ಯಾಡಿಗಳು ಕಿಸಕ್ಕನೆ ನಕ್ಕರು. “ಸಮಯ ಹಾಳು ಮಾಡಬೇಡ, ಮುಂದಿನವನು ಬಾ” ಎಂದರು ಸೆಕ್ರೆಟರಿ.

ಮುಂದಿನವನು ಬಂದ. ಚಂದಮ್ಮ ನಿಬ್ಲಿಕ್ ಎಂದಿದ್ದ ಕೋಲನ್ನೇ ತಿರುಗಿಸಿ ತಳ ನೋಡಿದ. “ನೈನ್ ಐರನ್” ಎಂದ. ಸರಿ ಗುರುತು ಬಿತ್ತು.

ನೈನ್ ಐರನ್! ತಳದ ನಂಬರೇ ಹೆಸರು! ಬುಧವಾರವೇ ಆಕೆ ಕೇಳಿದ್ದಳು, ನಾನು ‘ಛೆ’ ಎಂದಿದ್ದೆ. ಚಂದಮ್ಮ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ತನ್ನದೇ ಏನೋ ತಪ್ಪಾಗಿದೆ, ಸರ್ ಹೇಳಿಕೊಟ್ಟದ್ದನ್ನು ತಾನೇ ಕೆಡಿಸಿದೆ ಎಂಬ ಮುಖ. ಅದನ್ನು ನೋಡಿ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎದ್ದು ನಿಂತೆ. ತರಗತಿಯಲ್ಲಿ ಒಂದೇ ಒಂದು ಸಲವೂ ಹೇಳದ ಮಾತನ್ನು ಇಪ್ಪತ್ತು ಮಂದಿಯ ಎದುರು ಹೇಳಿದೆ. “ತಪ್ಪು ಆಕೆಯದಲ್ಲ, ನನ್ನದು. ಹಳೆಯ ಕಾಲದ ಹೆಸರು ಕಲಿಸಿದವನು ನಾನು.”

ಪಾಟೀಲ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿಬ್ಲಿಕ್! ನಾ ಹೊಸದಾಗಿ ಕೆಲಸಕ್ಕ ಬಂದಾಗ ಒಬ್ಬ ಮುದುಕ ಸಾಹೇಬ ಅಂತಿದ್ದ. ಅಲ್ಲಿಂದ ಇವತ್ತೇ ಕೇಳಿದ್ದು. ಈಕಿ ಒಂದೂ ತಪ್ಪ ಹೇಳಿಲ್ರಿ. ನಮ್ಮ ಅಜ್ಜನ ಕಾಲದ ಪರೀಕ್ಷಾದಾಗ ಫಸ್ಟ್ ಕ್ಲಾಸ್ ಪಾಸು!”

ಸೆಕ್ರೆಟರಿ ನಗಲಿಲ್ಲ. (ಅವರದೂ ತಪ್ಪಿಲ್ಲ.) “ಇರಬಹುದು ಸರ್. ನಾಳೆ ಹೊರಗಿನ ಆಟಗಾರರು ಬಂದು ಸೆವೆನ್ ಐರನ್ ಕೇಳಿದರೆ?”

ಆಗ ಚಂದಮ್ಮ ಬಾಯಿ ಬಿಟ್ಟಳು. “ಸಾಹೇಬ್ರ, ನೀವ ಒಂದು ಚೆಂಡ ಹೊಡೀರಿ. ಏನೂ ಕೇಳಬ್ಯಾಡ್ರಿ. ಕೋಲು ನಾ ಕೊಡ್ತೀನಿ.”

ಪಾಟೀಲ ಸಾಹೇಬರು “ಏಳ್ರಿ, ಏಳ್ರಿ” ಎಂದು ಎಬ್ಬಿಸಿಯೇ ಬಿಟ್ಟರು. ಬೇವಿನ ಗಿಡದ ಪಕ್ಕದಲ್ಲೇ, ಮೊದಲನೇ ಗುಂಡಿಗೆ ಚೆಂಡು ಹೊಡೆಯುವ ಜಾಗಕ್ಕೆ ಎಲ್ಲರೂ ನಡೆದೆವು. ಚಂದಮ್ಮ ಚೀಲ ಕೆಳಗಿಟ್ಟಳು. ಗುಂಡಿಯ ಕಡೆ ನೋಡಲೇ ಇಲ್ಲ. ತಲೆ ಎತ್ತಿ ಫ್ಯಾಕ್ಟರಿಯ ಚಿಮಣಿ ನೋಡಿದಳು. ಆಮೇಲೆ ಸೆಕ್ರೆಟರಿಯ ಭುಜ ನೋಡಿದಳು. ಕೋಲೊಂದನ್ನು ಎಳೆದು ಕೊಟ್ಟಳು.

ಸೆಕ್ರೆಟರಿ ತಳ ನೋಡಿದರು. ಏಳು. “ಇಷ್ಟು ಹತ್ತಿರಕ್ಕೆ ಎಂಟು ಸಾಕು” ಎಂದು ತಾವೇ ಎಂಟು ತೆಗೆದುಕೊಂಡರು. (ನಂಬರ್ ಏರಿದಷ್ಟೂ ಚೆಂಡು ಹೋಗುವ ದೂರ ಕಡಿಮೆಯಂತೆ.) ಹೊಡೆದರು. ಒಳ್ಳೆಯ ಹೊಡೆತವೇ. ಚೆಂಡು ಅರ್ಧ ದಾರಿಯಲ್ಲಿ ಯಾರೋ ಹಿಂದಕ್ಕೆ ಕರೆದಂತೆ ನಿಧಾನವಾಗಿ, ಬ್ರೌನಿಗಿಂತ ಈಚೆಗೇ ಇರುವ ಮರಳಿನ ಹಳ್ಳಕ್ಕೆ ಬಿತ್ತು.

“ಗಾಳಿ ಎಲ್ಲಿದೆ ಇಲ್ಲಿ?” ಎಂದರು.

“ಬೇವಿನ ಗಿಡದ ಮರ್ಯಾಗ ನಿಂತರ ತಿಳಿಯಂಗಿಲ್ರಿ ಸಾಹೇಬ್ರ. ಚಿಮಣಿ ನೋಡ್ರಿ. ಹೊಗಿ ನಮ್ಮ ಕಡೀಗೇ ಬಗ್ಗ್ಯಾದ. ಮ್ಯಾಲ ಹೋದ ಚೆಂಡಿಗಿ ಎದುರು ಗಾಳಿ. ಮತ್ತ ನಿಮ್ಮ ಬಲಗಡೀ ಭುಜ ಇವತ್ತ ಬಿಗಿದಂಗದ, ಪೂರಾ ತಿರಗವಲ್ದು.”

ಸೆಕ್ರೆಟರಿ ಭುಜ ಮುಟ್ಟಿಕೊಂಡರು. ಸೋಫಾದ ಮೇಲೆ ಮಲಗಿ ಹಿಡಿದುಕೊಂಡದ್ದಂತೆ, ಆಮೇಲೆ ಹೇಳಿದರು. ಏಳನೇ ನಂಬರಿನ ಕೋಲು ತೆಗೆದುಕೊಂಡು ಇನ್ನೊಂದು ಚೆಂಡು ಹೊಡೆದರು. ಅದು ಮರಳಿನ ಹಳ್ಳ ದಾಟಿ, ಬ್ರೌನಿನ ಮೇಲೆ ಬಿದ್ದು, ಗುಂಡಿಯ ಬಾವುಟದಿಂದ ಎರಡು ಮಾರು ದೂರದಲ್ಲಿ ನಿಂತಿತು. ನಕ್ಕಿದ್ದ ಕ್ಯಾಡಿಗಳೇ ಶಿಳ್ಳೆ ಹೊಡೆದರು.

“ಇದಕ್ಕೆ ನೀವು ಏನಂತೀರಿ?” ಸೆಕ್ರೆಟರಿ ಮೊದಲ ಸಲ ಬಹುವಚನಕ್ಕೆ ಬಂದರು.

“ಶಾಣ್ಯಾ ಅಂತೀವ್ರಿ.”

ಅವರು ನಕ್ಕರು. ನಗು ಚೆನ್ನಾಗಿತ್ತು, ಪಾಪ, ಅಷ್ಟು ಹೊತ್ತು ಎಲ್ಲಿಟ್ಟಿದ್ದರೋ. “ಸರಿ, ನೀವು ಕಾಯಂ. ಒಂದು ವಾರದೊಳಗೆ ಒಂದರಿಂದ ಒಂಬತ್ತರ ತನಕ ಇಂಗ್ಲಿಷ್ ನಂಬರ್ ಕಲಿತುಕೊಂಡು ಬಿಡಿ, ಅಷ್ಟು ಸಾಕು” ಎಂದರು.

“ಅವು ಮೊದಲೇ ಬರ್ತಾವ್ರಿ” ಎಂದಳು ಚಂದಮ್ಮ. “ಸರ ಬ್ಯಾಡ ಅಂದಿದ್ರು.”

ಇಪ್ಪತ್ತು ಮಂದಿ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಕ್ಷಣಕ್ಕೆ ಭೂಮಿ ಬಾಯಿ ಬಿಡಬಹುದಿತ್ತು. ಆದರೆ ನಮ್ಮದು ಕಲ್ಲಿನ ಭೂಮಿ, ಸಿಡಿಮದ್ದು ಇಲ್ಲದೆ ಬಾಯಿ ಬಿಡುವುದಿಲ್ಲ.

ಈಗ ಕ್ಯಾಡಿಗಳ ಶೆಡ್ಡಿನಲ್ಲಿ ಒಂದು ಹಲಗೆ ಬಂದಿದೆ. ಮೊದಲು ನಂಬರು, ಪಕ್ಕದಲ್ಲಿ ಚಂದಮ್ಮ ಹೇಳುವ ಹೆಸರು. ಪಾಟೀಲ ಸಾಹೇಬರು ಹಟ ಹಿಡಿದು ಮೂರನೆಯ ಸಾಲಿನಲ್ಲಿ ನಿಬ್ಲಿಕ್, ಮ್ಯಾಶಿಗಳನ್ನೂ ಬರೆಸಿದ್ದಾರೆ. ಸೆಕ್ರೆಟರಿ ಸಾಹೇಬರು ಮೊನ್ನೆ ಆಟದ ನಡುವೆ ಗಂಭೀರವಾಗಿ “ಅಳಿಯನ್ನ ಕೊಡ್ರಿ” ಎಂದು ಕೇಳಿದರಂತೆ. “ಇವತ್ತ ಬ್ಯಾಡ್ರಿ, ಗಾಳಿ ಸರಿ ಇಲ್ಲ” ಎಂದು ಚಂದಮ್ಮ ಕೊಡಲೇ ಇಲ್ಲವಂತೆ.

ನೀಲಿ ಯೂನಿಫಾರ್ಮ್ ಹಾಕಿಕೊಂಡು, ಕೊರಳಲ್ಲಿ ಕಾರ್ಡು ನೇತುಹಾಕಿಕೊಂಡು ಆಕೆ ಪೇಢೆ ಕೊಡಲು ಬಂದಿದ್ದಳು. “ನೀವು ಕಲಿಸಿದ್ದಕ್ಕ ಆಯ್ತ್ರಿ ಸರ” ಎಂದಳು. ವ್ಯಂಗ್ಯವಲ್ಲ, ಮನಸ್ಸಿನಿಂದಲೇ ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ಸಾವಿರಾರು ಪ್ರಶ್ನೆ ಕೇಳಿದ ನನಗೆ, ‘ನಿನಗ ಏನೇನು ಬರ್ತಾದ?’ ಎಂದು ಒಬ್ಬರನ್ನಾದರೂ ಕೇಳಬೇಕೆಂದು ಯಾಕೆ ಹೊಳೆಯಲಿಲ್ಲ?